ಮೇ ತಿಂಗಳ ಬಾವಿ, ಅಕ್ಟೋಬರ್ ತಿಂಗಳ ವರದಿ

ಬಾವಿಗೆ ಮಳೆನೀರು ಇಂಗಿಸುವ ಯೋಜನೆಯ ವರದಿಯೊಂದು ಹೀಗಿದೆ ಎಂದುಕೊಳ್ಳಿ: 'ಮೇ ತಿಂಗಳಲ್ಲಿ ಬಾವಿಯಲ್ಲಿ ಎರಡು ಅಡಿ ನೀರಿತ್ತು. ಜಲಮರುಪೂರಣದ ನಂತರ ಅಕ್ಟೋಬರ್‌ನಲ್ಲಿ ಹದಿನೆಂಟು ಅಡಿ.' ಪಕ್ಕದಲ್ಲಿ ಎರಡು ಫೋಟೋ. ಮುಂಬೈಯಲ್ಲಿ ಕೂತು ಓದುವ ದಾನಿಗೆ ಇದು ಪವಾಡ. ಬಂಟ್ವಾಳದಲ್ಲೋ ಕಾರ್ಕಳದಲ್ಲೋ ಮನೆಯಂಗಳದಲ್ಲಿ ಬಾವಿ ಇಟ್ಟುಕೊಂಡವರಿಗೆ ನಗು ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುವ ಕರಾವಳಿಯಲ್ಲಿ, ಯಾರೂ ಕೈ ಹಾಕದ ಬಾವಿಯೂ ಅಕ್ಟೋಬರ್‌ನಲ್ಲಿ ತುಂಬಿಯೇ ಇರುತ್ತದೆ.

ವರದಿಯಲ್ಲಿ ಸುಳ್ಳು ಒಂದಕ್ಷರ ಇಲ್ಲ. ಎರಡೂ ಅಳತೆ ನಿಜ, ಫೋಟೋವೂ ನಿಜ. ಆದರೆ ಅಳೆದ ಕಾಲ ಬೇರೆ ಬೇರೆ, ಹೋಲಿಸಲು ಇನ್ನೊಂದು ಬಾವಿ ಇಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸಣ್ಣ ಟ್ರಸ್ಟ್‌ಗಳು, ಯುವಕ ಮಂಡಲಗಳು, ಮಹಿಳಾ ಮಂಡಲಗಳು ಒಳ್ಳೆಯ ಕೆಲಸ ಮಾಡಿಯೂ ವರದಿಯಲ್ಲಿ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಹಣದ ಲೆಕ್ಕ ಚೊಕ್ಕವಾಗಿರುತ್ತದೆ, ಆಡಿಟ್ ಸಮಯಕ್ಕೆ ಸರಿಯಾಗಿ ಆಗುತ್ತದೆ. ಊರಿನಲ್ಲಿ ಏನು ಬದಲಾಯಿತು ಎಂಬ ಲೆಕ್ಕವನ್ನು ಮಾತ್ರ ಮಾರ್ಚ್ ಕೊನೆಯ ವಾರದಲ್ಲಿ, ಫೋಟೋ ಫೋಲ್ಡರ್ ತೆರೆದಿಟ್ಟುಕೊಂಡು ಬರೆಯುತ್ತಾರೆ.

ಬಾವಿಯನ್ನೇ ಹಿಡಿದು ಮುಂದೆ ಹೋಗೋಣ, ಅಳತೆಯ ಮುಖ್ಯ ತೊಡಕುಗಳೆಲ್ಲ ಅದರಲ್ಲಿವೆ.

ಮೊದಲ ಅಳತೆ, ಅಂದರೆ ಬೇಸ್‌ಲೈನ್, ಕೆಲಸ ಶುರುವಾಗುವ ಮುಂಚಿನ ಮೇ ತಿಂಗಳಲ್ಲಿ ಆಗಬೇಕು. ಎರಡನೆಯದು ಮರುವರ್ಷದ ಮೇ ತಿಂಗಳಲ್ಲಿ, ಆದಷ್ಟು ಅದೇ ವಾರದಲ್ಲಿ. ಬಾವಿಕಟ್ಟೆಯ ಒಂದು ಕಡೆ ಪೇಂಟ್‌ನಿಂದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಟೇಪ್ ಇಳಿಸಿ; ಹಳೆಯ ಕಟ್ಟೆ ಸುತ್ತಲೂ ಒಂದೇ ಎತ್ತರ ಇರುವುದಿಲ್ಲ. ಟೇಪ್ ನೆಟ್ಟಗೆ ಇಳಿಯಲು ತುದಿಗೆ ತೂಕ ಕಟ್ಟಿ. ಬೆಳಿಗ್ಗೆ, ಪಂಪ್ ಹಾಕುವ ಮೊದಲು ಅಳೆಯಿರಿ. ತೋಟಕ್ಕೆ ನೀರು ಬಿಟ್ಟ ಮೇಲೆ ಅಳೆದರೆ ಅದು ಬಾವಿಯ ಮಟ್ಟವಾಗದೆ ಪಂಪ್‌ನ ಅಳತೆಯಾಗುತ್ತದೆ. ಹಿಂದಿನ ದಿನ ಪಂಪ್ ನಿಲ್ಲಿಸಿದ್ದು ಎಷ್ಟು ಗಂಟೆಗೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.

ಇಷ್ಟಾದರೂ ಸಾಲದು. ಒಂದು ವರ್ಷ ಏಪ್ರಿಲ್ ಕೊನೆಗೇ ಎರಡು ಮಳೆ ಬರುತ್ತದೆ, ಇನ್ನೊಂದು ವರ್ಷ ಜೂನ್ ಮೊದಲ ವಾರದವರೆಗೆ ಹನಿ ಇಲ್ಲ. ಹತ್ತಿರದ ತೋಡಿನ (ಹಳ್ಳದ) ಕಿಂಡಿ ಅಣೆಕಟ್ಟಿಗೆ ಒಂದು ವರ್ಷ ನವೆಂಬರ್‌ನಲ್ಲೇ ನೀರು ತಡೆಯುವ ಹಲಗೆ ಹಾಕಿರುತ್ತಾರೆ, ಇನ್ನೊಂದು ವರ್ಷ ತೋಡು ಬತ್ತಿದ ಮೇಲೆ. ಇವೆಲ್ಲ ಬಾವಿಯ ಮಟ್ಟವನ್ನು ನಿಮ್ಮ ಯೋಜನೆಗಿಂತ ಜೋರಾಗಿ ಏರಿಳಿಸುತ್ತವೆ. ಹಾಗಾಗಿ ಮರುಪೂರಣ ಮಾಡದ ಬಾವಿಗಳನ್ನೂ ಅಳೆಯಬೇಕು. 40 ಬಾವಿಗೆ ಕೆಲಸ ಮಾಡುವುದಾದರೆ ಹೋಲಿಕೆಗೆ 20 ಬಾವಿ ಇರಲಿ. ಅದೇ ಗುಡ್ಡದ ಇಳಿಜಾರು, ಹೆಚ್ಚು ಕಡಿಮೆ ಅದೇ ಆಳ. 'ನಮಗೆ ಬೇಡ' ಅಂದವರ ಬಾವಿಯನ್ನು ಹೋಲಿಕೆಗೆ ಆರಿಸಬೇಡಿ: ಅವರು ಬೇಡ ಅಂದದ್ದೇ ಅಲ್ಲಿ ನೀರಿಗೆ ಬರ ಇಲ್ಲದ್ದರಿಂದ ಇರಬಹುದು. ಮುಂದಿನ ವರ್ಷದ ಪಟ್ಟಿಯಲ್ಲಿ ಕಾಯುತ್ತಿರುವವರ ಬಾವಿ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಅವರಿಗೂ ಅದೇ ತೊಂದರೆ, ಅದೇ ಆಸಕ್ತಿ.

ಲೆಕ್ಕ ಸುಲಭ. ಯೋಜನೆಯ ಬಾವಿಗಳ ಸರಾಸರಿ 2 ಅಡಿಯಿಂದ 4.5 ಅಡಿಗೆ ಏರಿದೆ, ಅಂದರೆ 2.5 ಅಡಿ. ಹೋಲಿಕೆಯ ಬಾವಿಗಳು 2.2 ಅಡಿಯಿಂದ 4.2ಕ್ಕೆ ಏರಿವೆ, ಅಂದರೆ 2 ಅಡಿ. ನಿಮ್ಮ ಕೆಲಸದ ಪಾಲಿಗೆ ಬರುವುದು ಅರ್ಧ ಅಡಿ. ಹದಿನಾರು ಅಡಿ ಎಂದು ಬರೆಯುವ ಕಡೆ ಅರ್ಧ ಅಡಿ ಎಂದು ಬರೆಯಲು ಧೈರ್ಯ ಬೇಕು, ನಿಜ. ಆದರೆ ಆ ಅರ್ಧ ಅಡಿಯನ್ನು ಯಾರೂ ಅಲ್ಲಗಳೆಯಲಾರರು.

ಮುರಕಲ್ಲಿನ (ಜಂಬಿಟ್ಟಿಗೆಯ) ನೆಲಕ್ಕೆ ಇನ್ನೊಂದು ಮಾತು ಸೇರಿಸಬೇಕು. ಸಾವಿರ ಚದರ ಅಡಿ ಮಾಡಿನ (ಚಾವಣಿಯ) ಮೇಲೆ ವರ್ಷಕ್ಕೆ 3,500 ಮಿ.ಮೀ. ಮಳೆ ಬಿದ್ದು, ಶೇ. 80 ಪೈಪಿಗೆ ಬಂತು ಎಂದರೆ ಸುಮಾರು 2.6 ಲಕ್ಷ ಲೀಟರ್. ವರದಿಗಳಲ್ಲಿ ಈ ಸಂಖ್ಯೆ 'ಉಳಿಸಿದ ನೀರು' ಎಂಬ ಹೆಸರಿನಲ್ಲಿ ಬರುತ್ತದೆ. ಜುಲೈಯಲ್ಲಿ ಬಾವಿ ಆಗಲೇ ತುಂಬಿರುವಾಗ ಒಳಗೆ ಬಿಟ್ಟ ನೀರು ಮುರಕಲ್ಲಿನ ಸಂದುಗಳಲ್ಲಿ ಹರಿದು ತೋಡು ಸೇರುತ್ತದೆ, ಮೇ ತಿಂಗಳವರೆಗೆ ಕಾಯುವುದಿಲ್ಲ. ಆದ್ದರಿಂದ ಲೀಟರ್ ಲೆಕ್ಕ ಬಿಟ್ಟು ಮನೆಯವರಿಗೆ ಅರ್ಥವಿರುವುದನ್ನು ಅಳೆಯಿರಿ. ಮೇ ತಿಂಗಳಲ್ಲಿ ಪಂಪ್ ಎಷ್ಟು ನಿಮಿಷ ಓಡಿದರೆ ನೀರು ಮುಗಿಯುತ್ತದೆ, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಗಂಟೆ ಬೇಕು, ಆ ವರ್ಷ ಟ್ಯಾಂಕರ್ ತರಿಸಿದ್ದು ಯಾವ ದಿನಾಂಕದಿಂದ. ಟ್ಯಾಂಕರ್ ದಿನಾಂಕ ಮನೆಯವರಿಗೆ ಮರೆಯುವುದಿಲ್ಲ, ದುಡ್ಡು ಕೊಟ್ಟಿರುತ್ತಾರಲ್ಲ.

ನೀರಿನಿಂದ ಜನರ ಕಡೆಗೆ ಬಂದರೆ ತಪ್ಪುವುದು ಎಣಿಕೆಯಲ್ಲಿ. ಮೆಡಿಕಲ್ ಕಾಲೇಜುಗಳು ಸಾಲುಸಾಲಾಗಿರುವ ಮಂಗಳೂರು, ಮಣಿಪಾಲ ಸುತ್ತ ಆರೋಗ್ಯ ಶಿಬಿರಗಳಿಗೆ ಕೊರತೆ ಇಲ್ಲ, ಆದ್ದರಿಂದ ಕಣ್ಣಿನ ಶಿಬಿರದ ಉದಾಹರಣೆ ತೆಗೆದುಕೊಳ್ಳೋಣ. 240 ಮಂದಿ ತಪಾಸಣೆಗೆ ಬಂದರು. 38 ಮಂದಿಗೆ ಪೊರೆ ಶಸ್ತ್ರಚಿಕಿತ್ಸೆ ಬೇಕೆಂದು ಬರೆದುಕೊಟ್ಟರು. 22 ಮಂದಿ ಮಾಡಿಸಿಕೊಂಡರು. ಆರು ವಾರಗಳ ನಂತರದ ಪರೀಕ್ಷೆಗೆ 19 ಮಂದಿ ಬಂದರು, ಅವರಲ್ಲಿ 17 ಮಂದಿಗೆ ದೃಷ್ಟಿ 6/18 (ಸರಿ ಕಣ್ಣಿಗೆ 18 ಮೀಟರ್‌ನಿಂದ ಕಾಣುವುದು 6 ಮೀಟರ್‌ನಿಂದ ಕಾಣುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿದೆ. ಬ್ಯಾನರ್‌ನಲ್ಲಿ, ವರದಿಯಲ್ಲಿ, ಪತ್ರಿಕಾ ಹೇಳಿಕೆಯಲ್ಲಿ ಬರುವುದು 240 ಫಲಾನುಭವಿಗಳು. ಶಿಬಿರದ ಫಲ 17. ಮತ್ತೆ, ಮುಂದಿನ ಶಿಬಿರ ಮಾಡುವವರಿಗೆ ಇವೆರಡಕ್ಕಿಂತ ಬೆಲೆಬಾಳುವ ಸಂಖ್ಯೆ 16: ಬರೆದುಕೊಟ್ಟರೂ ಹೋಗದವರು. ಅವರಿಗೆ ಫೋನ್ ಮಾಡಿ ಕಾರಣ ಕೇಳಿದರೆ ಜೊತೆಗೆ ಬರಲು ಜನ ಇಲ್ಲದ್ದು, ಮಳೆಗಾಲದಲ್ಲಿ ಬಸ್ಸಿನಿಂದ ಇಳಿದು ಗುಡ್ಡ ಹತ್ತುವ ಭಯ, ವಾರಕ್ಕೆ ಕಟ್ಟಿಕೊಡಬೇಕಾದ ಬೀಡಿಯ ಲೆಕ್ಕ ತಪ್ಪುವ ಚಿಂತೆ ಎಂದೆಲ್ಲ ಹೊರಬರುತ್ತದೆ. ಅದರಲ್ಲಿ ಒಂದಕ್ಕಾದರೂ ಪರಿಹಾರ ಮುಂದಿನ ವರ್ಷದ ಬಜೆಟ್‌ನಲ್ಲಿ ಇರಬೇಕು.

ಐದೂ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಮುದ್ರಿಸುವುದು ಒಂದು ರೂಢಿಯಾದರೆ ವರದಿಗಳ ಅರ್ಧ ರೋಗ ವಾಸಿ.

ಒಬ್ಬರನ್ನೇ ಮೂರು ಸಲ ಎಣಿಸುವುದು ಇನ್ನೊಂದು ಹಳೆಯ ಕಾಯಿಲೆ. ಹೊಲಿಗೆ ತರಬೇತಿಗೆ ಬಂದ ಹೆಣ್ಣುಮಗಳು ಸ್ವಸಹಾಯ ಸಂಘದಲ್ಲೂ ಇದ್ದಾಳೆ, ಕಣ್ಣಿನ ಶಿಬಿರಕ್ಕೆ ಅಮ್ಮನ ಜೊತೆ ಬಂದು ತಾನೂ ತೋರಿಸಿಕೊಂಡಿದ್ದಾಳೆ. ಮೂರು ರಿಜಿಸ್ಟರ್, ಮೂರು 'ಫಲಾನುಭವಿ'. ಕುಟುಂಬಕ್ಕೊಂದು, ಅದರೊಳಗೆ ವ್ಯಕ್ತಿಗೊಂದು ಕ್ರಮಸಂಖ್ಯೆ ಕೊಟ್ಟು ಎಲ್ಲ ರಿಜಿಸ್ಟರ್‌ಗೂ ಅದೇ ಸಂಖ್ಯೆ ಬಳಸಿದರೆ ಮುಗಿಯಿತು. ಇದಕ್ಕೆ ಆಧಾರ್ ಸಂಖ್ಯೆ ಬೇಡವೇ ಬೇಡ. ಬರೆದುಕೊಂಡರೆ ಅದನ್ನು ಕಾಯುವ ಜವಾಬ್ದಾರಿಯೂ ನಿಮ್ಮ ಮೇಲೆ ಬೀಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಟ್ರಸ್ಟ್‌ಗಳನ್ನು ಹೊರಗಿಟ್ಟಿಲ್ಲ.

ಉದ್ಯೋಗ ತರಬೇತಿಯ ಫಲಿತಾಂಶ ಬರೆಯುವಾಗ ಸಿಗದೆ ಹೋದವರನ್ನು ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರು ತರಬೇತಿ ಮುಗಿದ ಆರು ತಿಂಗಳಲ್ಲಿ ಬೆಂಗಳೂರು, ಮುಂಬೈ, ಗಲ್ಫ್ ಎಂದು ಹೊರಟುಬಿಡುತ್ತಾರೆ, ಸಿಮ್ ಬದಲಾಗುತ್ತದೆ. 60 ಮಂದಿ ಕಲಿತರು, ವರ್ಷದ ನಂತರ 41 ಮಂದಿ ಸಿಕ್ಕರು, ಅವರಲ್ಲಿ 29 ಮಂದಿ ಕಲಿತ ಕೆಲಸದಲ್ಲೇ ಇದ್ದಾರೆ. ಸಿಕ್ಕವರಲ್ಲಿ ಲೆಕ್ಕ ಹಾಕಿದರೆ ಶೇ. 71, ಎಲ್ಲರಲ್ಲಿ ಹಾಕಿದರೆ ಶೇ. 48. ಸಿಗದ 19 ಮಂದಿಯೂ ಕೆಲಸದಲ್ಲಿದ್ದಾರೆ ಎಂದುಕೊಂಡರೆ ಶೇ. 80. ಪ್ರಾಮಾಣಿಕ ಉತ್ತರ ಎಂದರೆ 'ಕನಿಷ್ಠ 48, ಗರಿಷ್ಠ 80, ಸಿಕ್ಕವರಲ್ಲಿ 71'. ತರಬೇತಿಯ ಮೊದಲ ದಿನವೇ ಮನೆಯ ಇನ್ನೊಬ್ಬರ, ಸಾಧ್ಯವಾದರೆ ಊರಲ್ಲೇ ಉಳಿಯುವ ಅಮ್ಮನ ಅಥವಾ ಅಣ್ಣನ, ಫೋನ್ ನಂಬರ್ ಬರೆದುಕೊಂಡರೆ ಈ ಅಂತರ ತುಂಬ ಕಿರಿದಾಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವ ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯ ಮಾದರಿ ದೇಶದ ತುಂಬ ಹರಡಲು ಒಂದು ಕಾರಣ, ಸರ್ಟಿಫಿಕೇಟ್ ಕೊಟ್ಟ ದಿನಕ್ಕೆ ಲೆಕ್ಕ ಮುಚ್ಚದೆ ಕಲಿತವರ ಬೆನ್ನುಹಿಡಿದು ಸ್ವಂತ ಉದ್ಯೋಗದಲ್ಲಿ ನೆಲೆ ನಿಂತರೇ ಎಂದು ನೋಡುವ ಪದ್ಧತಿ. ಅದೇ ಜಿಲ್ಲೆಯ ಬೇರೆ ಸಂಸ್ಥೆಗಳು ಇದನ್ನು ಇನ್ನೂ ರೂಢಿಸಿಕೊಳ್ಳದಿರುವುದು ಸ್ವಲ್ಪ ಸೋಜಿಗವೇ.

ಆದಾಯ ಕೇಳುವುದು ಎಲ್ಲಕ್ಕಿಂತ ಕಷ್ಟ. 'ತಿಂಗಳಿಗೆ ಎಷ್ಟು ಆದಾಯ?' ಎಂದರೆ ರೇಷನ್ ಕಾರ್ಡ್ ನೆನಪಾಗಿ ಉತ್ತರ ಕೆಳಗಿಳಿಯುತ್ತದೆ. ಬೀಡಿ ಕಟ್ಟುವವರಲ್ಲಿ 'ಕಳೆದ ವಾರ ಬ್ರಾಂಚಿಗೆ (ಕಟ್ಟಿದ ಬೀಡಿ ಒಪ್ಪಿಸುವ ಕೇಂದ್ರಕ್ಕೆ) ಎಷ್ಟು ಸಾವಿರ ಬೀಡಿ ಕೊಟ್ಟಿರಿ?' ಎಂದು ಕೇಳಿ, ಮಜೂರಿ ನೀವೇ ಗುಣಿಸಿಕೊಳ್ಳಿ. ಹೊಲಿಗೆಯವರಲ್ಲಿ ವಾರಕ್ಕೆ ಎಷ್ಟು ರವಿಕೆ, ಒಂದಕ್ಕೆ ಎಷ್ಟು. ಮಲ್ಪೆ, ಬೈಕಂಪಾಡಿ, ಉಳ್ಳಾಲ ಕಡೆ ಮೀನುಗಾರ ಮನೆಗಳಿಗೆ ಹೋಗುವುದಾದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಟ್ರಾಲಿಂಗ್ ನಿಷೇಧವನ್ನು ನೆನಪಿಡಿ. ಬೇಸ್‌ಲೈನ್ ಜುಲೈಯಲ್ಲಿ ಮಾಡಿ ಎಂಡ್‌ಲೈನ್, ಅಂದರೆ ಕೊನೆಯ ಅಳತೆ, ಡಿಸೆಂಬರ್‌ನಲ್ಲಿ ಮಾಡಿದರೆ ಎಂಥ ಯೋಜನೆಯೂ ಗೆದ್ದಂತೆ ಕಾಣುತ್ತದೆ. ತಿರುಗಿಸಿ ಮಾಡಿದರೆ ಎಂಥ ಯೋಜನೆಯೂ ಸೋತಂತೆ.

ಸರ್ವೆಗೆ ಎಷ್ಟು ಮನೆ ಸಾಕು? ಒಂದು ಪಂಚಾಯತ್‌ನಲ್ಲಿ ನಿಮ್ಮ ಯೋಜನೆಯ 1,200 ಮನೆಗಳಿದ್ದರೆ, ಉತ್ತರ ಶೇ. 5ರಷ್ಟು ಆಚೀಚೆ ಆಗಬಹುದಾದ ನಿಖರತೆಗೆ 300 ಮನೆ, ಶೇ. 10 ಅಂತರ ಸಾಕೆಂದರೆ 92. ಸಣ್ಣ ಸಂಸ್ಥೆಗೆ 92 ಮನೆಯನ್ನು ಸರಿಯಾಗಿ ಕೇಳುವುದು 300 ಮನೆಯನ್ನು ಅವಸರದಲ್ಲಿ ಕೇಳುವುದಕ್ಕಿಂತ ಮೇಲು. ಪಟ್ಟಿಯಿಂದ ಇಂತಿಷ್ಟನೆಯ ಮನೆ ಎಂದು ಮೊದಲೇ ಆರಿಸಿ, ಜೊತೆಗೆ ಹತ್ತಿಪ್ಪತ್ತು ಬದಲಿ ಮನೆಗಳನ್ನೂ ಗುರುತಿಸಿಡಿ. ಬೀಗ ಹಾಕಿದ ಮನೆಗೆ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ, ಆಮೇಲೆ ಬದಲಿ ಮನೆ. ಪಕ್ಕದ ಮನೆ ಕೇಳಿ ಮುಗಿಸುವುದು ಬೇಡ. ನಮ್ಮಲ್ಲಿ ಮನೆಗಳು ಉತ್ತರ ಕರ್ನಾಟಕದ ಹಾಗೆ ಒತ್ತೊತ್ತಾಗಿ ಕೂಡಿಲ್ಲ. ಒಂದು ಗುಡ್ಡದ ಮೇಲೆ, ಇನ್ನೊಂದು ಬೈಲಿನಾಚೆ. ಬಿಸಿಲಲ್ಲಿ ತಿರುಗುವ ಕಾರ್ಯಕರ್ತೆ ರಸ್ತೆ ಬದಿಯ ಮನೆಗಳನ್ನೇ ಮುಗಿಸಿ ಬರುವುದು ಸಹಜ. ಆದರೆ ಯೋಜನೆಯೂ ರಸ್ತೆ ಬದಿಯ ಮನೆಗೇ ಮೊದಲು ತಲುಪಿರುತ್ತದೆ, ಹಾಗಾಗಿ ಫಲಿತಾಂಶ ತಾನಾಗಿಯೇ ಹೊಳೆಯುತ್ತದೆ. ಕೋಬೊ ಟೂಲ್‌ಬಾಕ್ಸ್ ಎಂಬ ಸರ್ವೆ ತಂತ್ರಾಂಶದಲ್ಲಿ ಕನ್ನಡದಲ್ಲೇ ಪ್ರಶ್ನಾವಳಿ ಮಾಡಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಬಹುದು, ಮನೆಯ ಜಿಪಿಎಸ್ ಗುರುತು ಸೇರಿಸಬಹುದು. ಆ ಚುಕ್ಕೆಗಳನ್ನು ನಕ್ಷೆಯ ಮೇಲೆ ನೋಡಿದರೆ ಯಾರು ಗುಡ್ಡ ಹತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಹತ್ತರಲ್ಲಿ ಒಂದು ಮನೆಗೆ ಬೇರೊಬ್ಬರು ಹೋಗಿ ನಾಲ್ಕು ಪ್ರಶ್ನೆ ಮತ್ತೆ ಕೇಳಿ ತಾಳೆ ನೋಡಲಿ.

ಸಮಯ ಆರಿಸುವುದೂ ಒಂದು ಕಲೆ. ಏಪ್ರಿಲ್, ಮೇ ಸಂಜೆಗಳಲ್ಲಿ ಕೋಲ, ಮದುವೆ, ಯಕ್ಷಗಾನ ಎಂದು ಯಾರೂ ಮನೆಯಲ್ಲಿರುವುದಿಲ್ಲ. ಬೀಡಿ ಬ್ರಾಂಚಿಗೆ ಹೋಗುವ ಹೊತ್ತು, ಶುಕ್ರವಾರದ ಮಧ್ಯಾಹ್ನ, ಭಾನುವಾರದ ಬೆಳಿಗ್ಗೆ ಆಯಾ ಮನೆಗಳಿಗೆ ಹೊಂದುವುದಿಲ್ಲ.

ಪ್ರಶ್ನಾವಳಿ ಕನ್ನಡದಲ್ಲಿ, ಕೇಳುವುದು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಕುಂದಾಪುರದ ಕಡೆ ಕುಂದಾಪ್ರ ಕನ್ನಡದಲ್ಲಿ. ಪ್ರತಿ ಕಾರ್ಯಕರ್ತೆ ಮನೆಯಂಗಳದಲ್ಲಿ ನಿಂತೇ ಅನುವಾದ ಮಾಡಿದರೆ ಹತ್ತು ಮಂದಿ ಹತ್ತು ಪ್ರಶ್ನೆ ಕೇಳಿದ ಹಾಗಾಗುತ್ತದೆ. ಒಂದು ಮಧ್ಯಾಹ್ನ ಎಲ್ಲರೂ ಕೂತು ಪ್ರತಿ ಪ್ರಶ್ನೆಯ ತುಳು, ಬ್ಯಾರಿ ರೂಪವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. 'ಒಂದರಿಂದ ಐದರೊಳಗೆ ಎಷ್ಟು ತೃಪ್ತಿ?' ಎಂಬಂಥ ಪ್ರಶ್ನೆಗಳನ್ನು ಬಿಟ್ಟೇಬಿಡಿ. ಮನೆಗೆ ಬಂದವರ ಮುಖ ನೋಡಿ 'ದಾಲ ತೊಂದರೆ ಇಜ್ಜಿ' (ಏನೂ ತೊಂದರೆ ಇಲ್ಲ) ಎನ್ನುವುದು ಇಲ್ಲಿಯ ಮರ್ಯಾದೆ, ಅದು ಐದಕ್ಕೆ ಐದು ಅಂಕ ಅಲ್ಲ. ತರಬೇತಿ ಕೊಟ್ಟ ಅಕ್ಕನೇ ಸರ್ವೆಗೆ ಬಂದರಂತೂ ಯಾರೂ ಬೇಸರ ಹೇಳುವುದಿಲ್ಲ. ಬಂಟ್ವಾಳದ ತಂಡ ಬೆಳ್ತಂಗಡಿಗೆ, ಬೆಳ್ತಂಗಡಿಯವರು ಬಂಟ್ವಾಳಕ್ಕೆ ಹೋಗಲಿ.

ಪರಿಸರದ ಲೆಕ್ಕಕ್ಕೆ ಬಂದರೆ, ಕಸದ ವಿಷಯ ಇಲ್ಲಿ ಎಲ್ಲರಿಗೂ ತಟ್ಟಿದ್ದು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಂದಾರದ ತೋಟಗಳ ಮೇಲೆ ಜರಿದು ಬಂದ ನಂತರ ಒಣಕಸ ವಿಂಗಡಣೆಗೆ ಕೈ ಹಾಕಿದ ಸಂಸ್ಥೆಗಳೂ ಹೆಚ್ಚಿದವು. ಇವರ ವರದಿಯಲ್ಲಿ 'ಇಷ್ಟು ಟನ್ ಪ್ಲಾಸ್ಟಿಕ್ ಸಂಗ್ರಹ' ಎಂಬ ಒಂದೇ ಸಾಲು ಇರುತ್ತದೆ. ಮಳೆಗಾಲದಲ್ಲಿ ಬಂದ ಒಣಕಸ ಒಣಗಿರುವುದಿಲ್ಲ: ರಟ್ಟು ನೀರು ಕುಡಿದಿರುತ್ತದೆ, ಹಾಲಿನ ತೊಟ್ಟೆಯೊಳಗೆ ನೀರು ನಿಂತಿರುತ್ತದೆ. ಗೇಟಿನಲ್ಲೇ ತೂಗಿದರೆ ಜುಲೈ ತಿಂಗಳ ಸಾಧನೆ ಜನವರಿಗಿಂತ ಮೇಲೆ ಹೋಗುತ್ತದೆ. ಹರವಿ ಒಣಗಿಸಿ, ವಿಂಗಡಿಸಿ, ಬೇಲ್ ಕಟ್ಟಿದ ಮೇಲೆ ತೂಗಿ. ಬಂದದ್ದು ಎಷ್ಟು, ಮಾರಿದ್ದು ಎಷ್ಟು, ಸಿಮೆಂಟ್ ಕಾರ್ಖಾನೆಗೆ ಉರಿಸಲು ಹೋದದ್ದು ಎಷ್ಟು, ಯಾವುದಕ್ಕೂ ಬಾರದೆ ಮತ್ತೆ ಡಂಪಿಂಗ್ ಯಾರ್ಡ್ ಸೇರಿದ್ದು ಎಷ್ಟು, ಗೋದಾಮಿನಲ್ಲಿ ಉಳಿದದ್ದು ಎಷ್ಟು: ಕೊನೆಯ ನಾಲ್ಕೂ ಕೂಡಿದರೆ ಮೊದಲನೆಯದು ಬರಬೇಕು, ಒದ್ದೆಯ ತೂಕ ಕಳೆದು. ಬರದಿದ್ದರೆ ಎಲ್ಲೋ ಸೋರಿದೆ. ಗುಜರಿಯವರ ಬಿಲ್ಲು, ವೇಬ್ರಿಡ್ಜ್ ಚೀಟಿ ಇವೆರಡನ್ನೂ ತಿಂಗಳ ಲೆಕ್ಕಕ್ಕೆ ಪಿನ್ ಮಾಡಿಡಿ. ಥರ್ಮಲ್ ಕಾಗದದ ಚೀಟಿ ಕೆಲವೇ ತಿಂಗಳಲ್ಲಿ ಬಿಳಿಯಾಗುತ್ತದೆ, ಅಂದೇ ಫೋಟೋ ತೆಗೆದಿಡಿ.

ಇಂಗಾಲದ ಲೆಕ್ಕ ಬೇಕೇ ಬೇಕು ಎಂದು ದಾನಿ ಕೇಳಿದರೆ ಸರಳವಾಗಿ ಮಾಡಿಕೊಡಿ. ಗ್ರಿಡ್ ವಿದ್ಯುತ್ತಿಗೆ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ, ಯಾವ ವರ್ಷದ್ದು ಬಳಸಿದಿರಿ ಎಂದು ಬರೆಯಿರಿ. ಡೀಸೆಲ್ ಲೀಟರ್‌ಗೆ ಸುಮಾರು 2.7 ಕೆ.ಜಿ. 14.2 ಕೆ.ಜಿ.ಯ ಒಂದು ಗ್ಯಾಸ್ ಸಿಲಿಂಡರ್‌ಗೆ ಸುಮಾರು 42 ಕೆ.ಜಿ. ಶಾಲೆಯ ಮಾಡಿಗೆ ಸೋಲಾರ್ ಹಾಕಿದ್ದರೆ ಪ್ಯಾನೆಲ್‌ನ ಕಿಲೋವಾಟ್ ಅನ್ನು 365ರಿಂದ ಗುಣಿಸಬೇಡಿ, ಇನ್ವರ್ಟರ್ ತೋರಿಸುವ ಯೂನಿಟ್ ಬರೆಯಿರಿ. ಜೂನ್, ಜುಲೈಯ ಮೋಡ ಯಾವ ಗುಣಾಕಾರಕ್ಕೂ ಸಿಗುವುದಿಲ್ಲ. ವನಮಹೋತ್ಸವದಲ್ಲಿ ನೆಟ್ಟ ಗಿಡಗಳನ್ನು 'ಮರಕ್ಕೆ ವರ್ಷಕ್ಕೆ 22 ಕೆ.ಜಿ.' ಎಂಬ ವಾಟ್ಸ್‌ಆ್ಯಪ್ ಸೂತ್ರದಿಂದ ಗುಣಿಸುವುದು ಶುದ್ಧ ತಮಾಷೆ, ಮೊಣಕಾಲೆತ್ತರದ ಸಸಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಿ, ಮೂರನೆಯ ವರ್ಷ ಇನ್ನೊಮ್ಮೆ ಎಣಿಸಿ. ಅಷ್ಟು ಸಾಕು.

ಕಾನೂನು ಏನು ಕೇಳುತ್ತದೆ ಎಂಬ ಬಗ್ಗೆ ಅನಗತ್ಯ ಭಯ ಇದೆ. ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಯಮಗಳ 2021ರ ತಿದ್ದುಪಡಿಯ ಪ್ರಕಾರ ಸ್ವತಂತ್ರ ಸಂಸ್ಥೆಯಿಂದ ಪರಿಣಾಮ ಮೌಲ್ಯಮಾಪನ ಮಾಡಿಸಬೇಕಾದ ಹೊಣೆ ಕಂಪನಿಯದ್ದು. ಅದೂ ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್ಆರ್ ಬಾಧ್ಯತೆ ಇರುವ ಕಂಪನಿ, 1 ಕೋಟಿ ಅಥವಾ ಹೆಚ್ಚು ವೆಚ್ಚದ, ಮುಗಿದು ಕನಿಷ್ಠ ಒಂದು ವರ್ಷವಾದ ಯೋಜನೆಗಳಿಗೆ ಮಾತ್ರ. ಐದು ಲಕ್ಷದ ಕೆಲಸ ಮಾಡುವ ಟ್ರಸ್ಟ್ ಅದಕ್ಕಾಗಿ ಕನ್ಸಲ್ಟೆಂಟ್ ಹಿಡಿಯುವ ಅಗತ್ಯ ಇಲ್ಲ. ಸಿಎಸ್ಆರ್ ಹಣ ಪಡೆಯಲು ಬೇಕಾದ ಸಿಎಸ್ಆರ್-1 ನೋಂದಣಿ, ಸಿಎ ಸಹಿ ಮಾಡಿದ ಬಳಕೆ ಪ್ರಮಾಣಪತ್ರ ಸರಿ ಇರಲಿ, ಉಳಿದದ್ದು ಒಪ್ಪಂದದಲ್ಲಿ ಬರೆದಷ್ಟೇ. ಆದರೆ ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ (ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿ ಕೊಡಬೇಕು. ಅದರಲ್ಲಿ ಸಿಎಸ್ಆರ್ ಫಲಾನುಭವಿಗಳ ಸಂಖ್ಯೆ, ಅವರಲ್ಲಿ ದುರ್ಬಲ ವರ್ಗದವರು ಶೇಕಡಾ ಎಷ್ಟು ಎಂಬ ಕಾಲಂ ಇದೆ. ದೊಡ್ಡ ಕಂಪನಿಯ ಹಣ ತೆಗೆದುಕೊಂಡವರಿಗೆ ಏಪ್ರಿಲ್‌ನಲ್ಲಿ ಈ ಪ್ರಶ್ನೆ ಈಮೇಲ್‌ನಲ್ಲಿ ಬರುತ್ತದೆ. ರಿಜಿಸ್ಟರ್‌ನಲ್ಲಿ ಆ ಕಾಲಂ ಮೊದಲೇ ಇದ್ದರೆ ಉತ್ತರ ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಊಹೆ.

ವಿದೇಶಿ ದೇಣಿಗೆ ಪಡೆಯುವವರು ಒಂದು ಸೂಕ್ಷ್ಮ ಗಮನಿಸಬೇಕು: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನಿಯಮಗಳಲ್ಲಿ ವರದಿ ಬರೆಯುವ, ಸಲ್ಲಿಸುವ ಖರ್ಚು ಆಡಳಿತ ವೆಚ್ಚಕ್ಕೆ ಸೇರುತ್ತದೆ, ಆ ವೆಚ್ಚದ ಮಿತಿ 2020ರ ತಿದ್ದುಪಡಿಯಿಂದ ಶೇ. 50ರಿಂದ 20ಕ್ಕೆ ಇಳಿದಿದೆ. ಷೇರುಪೇಟೆ ನಿಯಂತ್ರಕ ಸೆಬಿಯ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ಗೆ (ಸಮಾಜಸೇವಾ ಸಂಸ್ಥೆಗಳು ಹಣ ಎತ್ತುವ ಷೇರುಪೇಟೆಯ ವಿಭಾಗ) ಹೋಗುವವರು ವಾರ್ಷಿಕ ಪರಿಣಾಮ ವರದಿಯನ್ನು ಕಡ್ಡಾಯವಾಗಿ ಕೊಡಬೇಕು. ಹಿಂದಿನ ವರ್ಷ ಕನಿಷ್ಠ 50 ಲಕ್ಷ ಖರ್ಚು ಮಾಡಿದ ಸಂಸ್ಥೆಗಳ ಬಾಗಿಲು ಅದು, ಸಣ್ಣವರು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಅಳತೆಗೆ ದುಡ್ಡು ಯೋಜನೆಯ ಬಜೆಟ್‌ನಲ್ಲೇ ಇರಬೇಕು, ಶೇ. 5ರಿಂದ 10ರವರೆಗೆ. ಪ್ರಸ್ತಾವ ಬರೆಯುವಾಗಲೇ 'ಬೇಸ್‌ಲೈನ್, ಎಂಡ್‌ಲೈನ್, ಸರ್ವೆಯವರ ದಿನಗೂಲಿ, ಬಸ್ ಚಾರ್ಜು' ಎಂದು ಬಿಡಿಸಿ ಬರೆಯಿರಿ. 'ಇತರೆ' ಎಂದು ಬರೆದ ಹಣವನ್ನು ದಾನಿಗಳು ಮೊದಲು ಕತ್ತರಿಸುತ್ತಾರೆ.

ಇನ್ನು ಬರೆಯುವುದು. ಪ್ರತಿ ಸಂಖ್ಯೆಯ ಪಕ್ಕ 'ಎಷ್ಟರಲ್ಲಿ' ಎಂಬುದು ಇರಲಿ. ಯಾವಾಗ, ಯಾರು, ಎಷ್ಟು ಮನೆ ಕೇಳಿದರು ಎಂಬ ಅರ್ಧ ಪುಟ ಇರಲಿ. ಆಗದೇ ಹೋದ ಕೆಲಸಕ್ಕೆ ಒಂದು ಪ್ಯಾರಾ ಇರಲಿ. ಅನುಭವಿ ದಾನಿಗಳು ಮೊದಲು ಅದನ್ನೇ ಓದುತ್ತಾರೆ. ಮಗುವಿನ ಮುಖ ಕಾಣುವ ಫೋಟೋ ಹಾಕುವ ಮೊದಲು ತಂದೆ ತಾಯಿಯ ಒಪ್ಪಿಗೆ ಪಡೆಯಿರಿ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹನ್ನೊಂದರ ಬಣ್ಣದ ಚೌಕಗಳನ್ನು ಮುಖಪುಟಕ್ಕೆ ಅಂಟಿಸುವ ಚಾಳಿ ಬಿಟ್ಟು, ನಿಜಕ್ಕೂ ಕೆಲಸ ಮಾಡಿದ ಒಂದೆರಡನ್ನು ಹೆಸರಿಸಿದರೆ ಸಾಕು.

ಕೊನೆಗೆ ಅದೇ ಅಂಕಿಗಳನ್ನು ಎರಡು ಪುಟದ ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ. ಪಂಚಾಯತ್ ಜಮಾಬಂದಿಯಲ್ಲಿ ಕಾಮಗಾರಿಯ ಲೆಕ್ಕ ಕೇಳಿ ಅಭ್ಯಾಸವಿರುವ ಜನ ಅವರು, ಟ್ರಸ್ಟ್‌ನ ಲೆಕ್ಕವನ್ನೂ ಹಾಗೆಯೇ ಕೇಳುತ್ತಾರೆ. 'ಆ ಬಾವಿಗೆ ನೀವು ಪೈಪ್ ಹಾಕಿದ್ದು ಹೌದು, ಅದರ ಫಿಲ್ಟರ್‌ನ ಜಲ್ಲಿ ತೊಳೆಯದೆ ಎರಡು ಮಳೆಗಾಲ ಆಯಿತು' ಎಂದು ಯಾರಾದರೂ ಎದ್ದು ಹೇಳಿದರೆ ಅದನ್ನು ಬರೆದುಕೊಂಡು, ಇಂಗ್ಲಿಷ್ ವರದಿ ಅಚ್ಚಿಗೆ ಹೋಗುವ ಮೊದಲು ತಿದ್ದಿ. ಹಾಗಾಗಿ ಗ್ರಾಮಸಭೆ ಮೊದಲು, ಪ್ರೆಸ್ ಆಮೇಲೆ.